ಖಾಲಿ ಪಾತ್ರೆ ಕೊಡಬಾರದು

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಯಾವಾಗ ನೋಡಿದರೂ ನಮ್ಮದಲ್ಲದ ಪಾತ್ರೆ ಒಂದಾದರೂ ಇರುತ್ತದೆ. ಇದನ್ನು ಓದಿ ಯಾರೂ ಹುಬ್ಬೇರಿಸಬೇಕಾಗಿಲ್ಲ. ಎದ್ದು ಹೋಗಿ ನಿಮ್ಮ ಕಪಾಟು ನೋಡಿ, ಅಲ್ಲೂ ಇರುತ್ತದೆ. ನೆರೆಮನೆಯವರು ಪಾಯಸವನ್ನೋ ಪತ್ರೊಡೆಯನ್ನೋ ಕಳಿಸಿದ ಪಾತ್ರೆಯನ್ನು ತೊಳೆದು, ಒರಸಿ, ಕವುಚಿಟ್ಟು, 'ಖಾಲಿ ಹೇಗೆ ಕೊಡುವುದು, ಏನಾದರೂ ಮಾಡಿದಾಗ ಹಾಕಿ ಕೊಟ್ಟರಾಯಿತು' ಎಂದುಕೊಳ್ಳದ ಹೆಂಗಸನ್ನು ನಾನಿನ್ನೂ ಕಂಡಿಲ್ಲ. ಬಂದ ಪಾತ್ರೆ ಬರಿದಾಗಿ ಹೋದರೆ ಎರಡೂ ಮನೆಗೆ ಒಳ್ಳೆಯದಲ್ಲ ಎಂದು ನನ್ನ ಅತ್ತೆಯವರ ಮತ. ನನಗೆ ಅಂಥ ನಂಬಿಕೆಗಳಿಲ್ಲ. ಆದರೆ ಖಾಲಿ ಪಾತ್ರೆ ಹಿಡಿದುಕೊಂಡು ಇನ್ನೊಬ್ಬರ ಜಗಲಿ ಹತ್ತುವ ಧೈರ್ಯವೂ ಇಲ್ಲ. ಕಷ್ಟವೆಂದರೆ, ಕೊಡುವಂಥದ್ದು ಏನಾದರೂ ಮಾಡಬೇಕೆಂದು ಹೊರಟ ದಿನವೇ ನನ್ನ ಪಾಕ ಕೈಕೊಡುತ್ತದೆ. ಮನೆಯವರಿಗೆ ಮಾತ್ರ ಎಂದು ಮಾಡಿದ್ದು ಚೆನ್ನಾಗಿರುತ್ತದೆ, ಆದರೆ ಅದು ಗೊತ್ತಾಗುವಷ್ಟರಲ್ಲಿ ಮನೆಯವರು ಮುಗಿಸಿರುತ್ತಾರೆ.

ನಾನು ಹೇಳಹೊರಟ ಸಂಗತಿ ನಡೆದ ವರ್ಷ ಕಪಾಟಿನಲ್ಲಿದ್ದದ್ದು ನಸೀಮಾಳ ಡಬ್ಬಿ. ಮುಚ್ಚಳ ಬಿಗಿಯಾಗಿ ಕೂರುವ, ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಸ್ಟೀಲ್ ಡಬ್ಬಿ. ನಸೀಮಾ ನಮ್ಮ ಆಚೆಮನೆಯವಳು. ಗಂಡ ದುಬೈಯಲ್ಲಿ, ಮಗಳು ರಂಸೀನಾ ನಮ್ಮ ಶಾಲೆಯಲ್ಲೇ ಒಂಬತ್ತನೇ ಕ್ಲಾಸು. ನಾನು ಗಡಿನಾಡಿನ ಮಂಗಲ್ಪಾಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವಳು. ಹಬ್ಬದ ದಿನ ನಸೀಮಾ ಆ ಡಬ್ಬಿಯ ತುಂಬ ಉನ್ನಕ್ಕಾಯಿ ಕಳಿಸಿದ್ದಳು. ಬೇಯಿಸಿದ ನೇಂದ್ರಬಾಳೆಯನ್ನು ಅರೆದು, ಒಳಗೆ ತೆಂಗಿನತುರಿ ಸಕ್ಕರೆ ತುಂಬಿ ಕರಿದ ಆ ತಿಂಡಿಯನ್ನು ನಾವು ಮೂರೇ ಜನ ಸಂಜೆಯೊಳಗೆ ಖಾಲಿ ಮಾಡಿದೆವು. ಡಬ್ಬಿಯನ್ನು ಮಾತ್ರ ತುಂಬಲಾಗಲಿಲ್ಲ. ಅಂಥ ಉನ್ನಕ್ಕಾಯಿಗೆ ಸರಿಸಮವಾದದ್ದು ಏನಿದೆ? ಉದ್ದಿನ ವಡೆ ಹಾಕಿ ಕೊಟ್ಟರೆ 'ಟೀಚರ್ ಮನೆಯಲ್ಲಿ ಇಷ್ಟೇಯಾ' ಎಂದಾಗಬಾರದಲ್ಲ. ಹಲಸಿನ ಹಣ್ಣಿನ ಕಡುಬಾದರೆ ಮರ್ಯಾದೆ ಉಳಿದೀತು ಎಂದು ನಾನು ತೀರ್ಮಾನಿಸಿದೆ, ಅತ್ತೆ ಹೂಂ ಎಂದರು. ಹಲಸು ಹಣ್ಣಾಗಲು ಇನ್ನೂ ಬಹಳ ತಿಂಗಳುಗಳಿದ್ದವು. ಡಬ್ಬಿ ಕಪಾಟು ಸೇರಿತು.

ಆ ವರ್ಷವೇ ನಾನು ಶಾಲೆಯ ಹಸಿರು ಕ್ಲಬ್ಬಿನ ಕನ್ವೀನರ್ ಆದದ್ದು. ಆದದ್ದು ಹೇಗೆಂದರೆ, ಸ್ಟಾಫ್ ಮೀಟಿಂಗಿನಲ್ಲಿ ಆ ಹೆಸರು ಎತ್ತಿದಾಗ ಉಳಿದವರೆಲ್ಲ ತಲೆ ತಗ್ಗಿಸಿದರು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ, ತಲೆ ಎತ್ತಿಕೊಂಡಿದ್ದವಳು ನಾನೊಬ್ಬಳೇ. ತರಬೇತಿಗೆ ಹೋದೆ. ಮಲಯಾಳದಲ್ಲಿ ಪಟಪಟನೆ ಮಾತಾಡಿದ ಒಬ್ಬ ಯುವಕ ವರ್ತುಲ ಆರ್ಥಿಕತೆ ಎಂಬುದನ್ನು ವಿವರಿಸಿದ. ಕೇಳುವಾಗ ಹೆದರಿಕೆಯಾದರೂ ಸಾರಾಂಶ ಸರಳವಾಗಿತ್ತು: ತೆಗೆದುಕೊ, ಬಳಸು, ಬಿಸಾಡು ಎಂಬುದು ಗೆರೆ, ತೆಗೆದುಕೊ, ಬಳಸು, ಮರಳಿಸು ಎಂಬುದು ವೃತ್ತ. ಗೆರೆಯಂತೆ ಬದುಕಿದರೆ ಕೊನೆಯಲ್ಲಿ ಕಸದ ಗುಡ್ಡೆ, ವೃತ್ತದಂತೆ ಬದುಕಿದರೆ ಕಸವೇ ಇಲ್ಲ. ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟು, ಬಟ್ಟೆಚೀಲ ಕೊಟ್ಟು ಕಳಿಸಿದರು.

ಮರುದಿನ ಒಂಬತ್ತನೇ ಕ್ಲಾಸಿನ ಬೋರ್ಡಿನ ಮೇಲೆ ನಾನೊಂದು ವೃತ್ತ ಬರೆದೆ. ನನ್ನ ವೃತ್ತಗಳ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅವು ಎಂದೂ ಹೊರಟಲ್ಲಿಗೆ ಬಂದು ಸೇರುವುದಿಲ್ಲ. ಪಕ್ಕದ ಕ್ಲಾಸಿನ ಗಣಿತದ ವಿಜಯನ್ ಮಾಷ್ ಒಮ್ಮೆ ನೋಡಿ, "ಟೀಚರೇ, ಇದು ಭೂಪಟವಾ?" ಎಂದು ಕೇಳಿದ್ದುಂಟು. ಅಂಥ ವೃತ್ತದ ಮುಂದೆ ನಿಂತು, ಮನೆಯಲ್ಲಿ ಬಿಸಾಡದೆ ಸುತ್ತುವ ವಸ್ತು ಯಾವುದಾದರೂ ಉಂಟಾ ಎಂದು ಮಕ್ಕಳನ್ನು ಕೇಳಿದೆ. ರಂಸೀನಾಳ ಪಕ್ಕ ಕೂರುವ ಶ್ರವ್ಯ ಎದ್ದಳು. "ಉಂಟು ಟೀಚರ್. ಅಕ್ಕನ ಚೂಡಿದಾರ ನನಗೆ ಬರ್ತದೆ. ನನಗೆ ಗಿಡ್ಡ ಆದ ಮೇಲೆ ಅಮ್ಮ ನೆಲ ಒರಸ್ತಾರೆ."

"ಹರಿದ ಮೇಲೆ?"

"ಅಜ್ಜ ಉದ್ದುದ್ದ ಹರಿದು ಬಸಳೆ ಚಪ್ಪರಕ್ಕೆ ಕಟ್ತಾರೆ."

"ಆಮೇಲೆ?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಆಮೇಲೆ ಎಂತ ಟೀಚರ್, ಬಸಳೆ ನಾವು ತಿನ್ನುವುದು."

ತರಬೇತಿಯಲ್ಲಿ ಆ ಯುವಕ ತೋರಿಸಿದ ಯಾವ ಉದಾಹರಣೆಯೂ ಇಷ್ಟು ಸಲೀಸಾಗಿ ಸುತ್ತು ಹೊಡೆದಿರಲಿಲ್ಲ. ಇಂಥ ಮಕ್ಕಳಿಗೆ ನಾನು ಹೊಸದಾಗಿ ಕಲಿಸಬೇಕಾದದ್ದೇನು ಎಂದು ಯೋಚಿಸುತ್ತ ಸಂಜೆ ಗೇಟಿನ ಹೊರಗೆ ಬಂದಾಗ ಉತ್ತರ ಕಣ್ಣೆದುರಿಗೇ ಬಿದ್ದಿತ್ತು. ಶಾಲೆಯ ಬೇಲಿಯ ಆಚೆ ನೀರು ಹರಿಯುವ ತೋಡಿನಲ್ಲಿ ಬಿಳಿಬಿಳಿಯಾಗಿ ಥರ್ಮಾಕೋಲ್ ತಟ್ಟೆಗಳು, ಪ್ಲಾಸ್ಟಿಕ್ ಲೋಟಗಳು. ನಮ್ಮ ಕಡೆ ವಾರಕ್ಕೊಂದು ಸಣ್ಣ ಜಂಬರ ಎಲ್ಲಾದರೂ ಇದ್ದೇ ಇರುತ್ತದೆ. ಒಬ್ಬರಲ್ಲಿ ಸತ್ಯನಾರಾಯಣ ಪೂಜೆ, ಇನ್ನೊಬ್ಬರಲ್ಲಿ ಮಗುವಿಗೆ ಹೆಸರಿಡುವುದು, ಮತ್ತೊಬ್ಬರಲ್ಲಿ ಗಲ್ಫಿನಿಂದ ಬಂದವನಿಗೆ ಊಟ. ಅಡುಗೆಯನ್ನು ಮನೆಯಲ್ಲೇ ಮಾಡುತ್ತಾರೆ, ತಟ್ಟೆ ಮಾತ್ರ ಉಪ್ಪಳ ಪೇಟೆಯಿಂದ ತರುತ್ತಾರೆ, ಉಂಡ ಮೇಲೆ ತೋಡಿಗೆ. ಹಳೇ ವಿದ್ಯಾರ್ಥಿಗಳ ಸಂಘದವರು ಆಗಷ್ಟೇ ಶಾಲೆಗೆ ನೂರು ಸ್ಟೀಲ್ ತಟ್ಟೆ, ನೂರು ಲೋಟ ಕೊಟ್ಟಿದ್ದರು. ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ಬಿಟ್ಟರೆ ಅವಕ್ಕೆ ಬೇರೆ ಕೆಲಸವಿರಲಿಲ್ಲ. ಅವನ್ನೇ ಊರವರಿಗೆ ಜಂಬರಕ್ಕೆ ಕೊಟ್ಟರೆ? ಮಕ್ಕಳೇ ಎಣಿಸಿ ಕೊಡುವುದು, ಮಕ್ಕಳೇ ಎಣಿಸಿ ಇಡುವುದು. ಪಾತ್ರೆ ಬ್ಯಾಂಕ್ ಎಂದು ಹೆಸರಿಟ್ಟೆವು.

ನಮ್ಮ ಎಚ್.ಎಂ. ಶಾರದಾ ಟೀಚರಿಗೆ ಇದು ಹಿಡಿಸಲಿಲ್ಲ. ಅವರು ಕಪಾಟುಗಳನ್ನು ಬೀಗದ ಮೂಲಕ ಪ್ರೀತಿಸುವವರು. ಶಾಲೆಯ ಹೊಸ ಗ್ಲೋಬು ಗೀರು ಬೀಳಬಾರದೆಂದು ಇವತ್ತಿಗೂ ಪ್ಲಾಸ್ಟಿಕ್ ಲಕೋಟೆಯೊಳಗೇ ತಿರುಗುತ್ತದೆ. "ಸುಮಾ ಟೀಚರ್, ಪಾತ್ರೆ ಹೊಸಿಲು ದಾಟಿದರೆ ಹೋಯಿತು ಅಂತಲೇ ಲೆಕ್ಕ. ನಾನು ಎಷ್ಟು ಕಂಡಿದ್ದೇನೆ!" ಎಂದರು. ನಾನು ವೃತ್ತದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, "ಒಂದು ಲೋಟ ಹೆಚ್ಚುಕಮ್ಮಿಯಾದರೂ ಪಾತ್ರೆ ಬ್ಯಾಂಕನ್ನು ನಾನೇ ಮುಚ್ಚುತ್ತೇನೆ" ಎಂದು ಎಲ್ಲರೆದುರು ಹೇಳಿಬಿಟ್ಟೆ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ ಇರಬೇಕು.

ಶುರುವೇನೋ ಚೆನ್ನಾಗಿತ್ತು. ಮೊದಲು ಒಯ್ದವರು ಜಂಬರದ ಮರುದಿನವೇ ತಟ್ಟೆಗಳನ್ನು ಫಳಫಳ ತೊಳೆದು ತಂದರು. ಮೇಲಿನ ತಟ್ಟೆಯಲ್ಲಿ ಒಂದು ಚಿಪ್ಪು ಕದಳಿ ಬಾಳೆಹಣ್ಣಿತ್ತು. "ಖಾಲಿ ತರುವುದು ಬೇಡ ಅಂತ" ಎಂದು ನಾಚಿಕೊಂಡರು. ಸ್ಟಾಫ್ ರೂಮಿನಲ್ಲಿ ಹಂಚಿ ತಿಂದೆವು. ಎರಡನೆಯವರು ಒಗ್ಗರಣೆ ಅವಲಕ್ಕಿ ತಂದರು. ಮೂರನೆಯವರು ಅವಲಕ್ಕಿಯ ಸುದ್ದಿ ಕೇಳಿದ್ದರೆಂದು ಕಾಣುತ್ತದೆ, ಬೆಲ್ಲ ಹಾಕಿ ಕರಿದ ನೆಯ್ಯಪ್ಪ ತಂದರು. ನಾಲ್ಕನೆಯ ಮನೆಯಿಂದ ಕಾಯಿಹೋಳಿಗೆ ಬಂತು. ಪರಿಸರದ ಬಗ್ಗೆ ಅದುವರೆಗೆ ತುಟಿ ಬಿಚ್ಚದಿದ್ದ ವಿಜಯನ್ ಮಾಷ್ ಹೋಳಿಗೆಯ ದಿನ ಭಾವುಕರಾಗಿ, "ಟೀಚರೇ, ಭೂಮಿಯನ್ನು ಉಳಿಸ್ಲಿಕ್ಕೆ ಇದೇ ದಾರಿ" ಎಂದರು. ನಾನು ಹೆಮ್ಮೆಯಿಂದ ಬೀಗಿದೆ. ಊರಿನಲ್ಲಿ ಒಂದು ದರ ನಿಗದಿಯಾಗುತ್ತಿದೆ, ಅದು ತಿಂಗಳಿಂದ ತಿಂಗಳಿಗೆ ಏರುತ್ತಿದೆ ಎಂಬುದು ಸಮಾಜ ವಿಜ್ಞಾನದ ಟೀಚರಾದ ನನಗೆ ಹೊಳೆಯಲೇ ಇಲ್ಲ.

ಹೋಳಿಗೆಯ ನಂತರ ತಟ್ಟೆಗಳು ಹೋದವು, ಬರುವುದು ನಿಂತಿತು. ಇದು ನನ್ನ ಗಮನಕ್ಕೆ ಬಂದದ್ದು ಫೆಬ್ರವರಿಯಲ್ಲಿ, ವಾರ್ಷಿಕೋತ್ಸವಕ್ಕೆ ಒಂದು ವಾರವಿರುವಾಗ. ಆ ಸಲದ ವಾರ್ಷಿಕೋತ್ಸವ ಬರೀ ಹಾಡು ಕುಣಿತವಲ್ಲ. ಪಂಚಾಯತ್ ಪ್ರಸಿಡೆಂಟರು ಬಂದು ನಮ್ಮದು ಕಸವಿಲ್ಲದ ಶಾಲೆ ಎಂದು ಘೋಷಿಸುವುದಿತ್ತು. ಮಧ್ಯಾಹ್ನ ಊಟ. ಮಕ್ಕಳು ತಮ್ಮ ತಟ್ಟೆ ತರುತ್ತಾರೆ, ಅತಿಥಿಗಳಿಗೂ ತಾಯಂದಿರಿಗೂ ಶಾಲೆಯ ತಟ್ಟೆ. ಎಚ್.ಎಂ. ನನ್ನನ್ನು ಕರೆದು ಕಪಾಟಿನ ಬಾಗಿಲು ತೆರೆದು ತೋರಿಸಿದರು. ಒಳಗೆ ಒಂದು ಸಣ್ಣ ಕಟ್ಟು ತಟ್ಟೆ, ಒಂದಿಷ್ಟು ಲೋಟ, ಒಂದು ಜಿರಳೆ. ಅವರು ಗದರಿಸಲಿಲ್ಲ. ಗದರಿಸಿದ್ದರೆ ವಾಸಿಯಿತ್ತು. "ಶುಕ್ರವಾರ ಸಂಜೆಯವರೆಗೆ ನೋಡುವ ಟೀಚರ್. ಬಾರದಿದ್ದರೆ ಪೇಟೆಯಿಂದ ಪೇಪರ್ ಪ್ಲೇಟು ತರಿಸುವುದು. ಆಮೇಲೆ ಈ ಕಪಾಟಿಗೆ ಬೀಗ" ಎಂದರು.

ಪೇಪರ್ ಪ್ಲೇಟೆಂದರೆ ಹೆಸರಿಗೆ ಪೇಪರು, ಒಳಗೆ ಪ್ಲಾಸ್ಟಿಕ್ಕಿನ ಹೊಳಪು. ಕಸವಿಲ್ಲದ ಶಾಲೆಯ ಘೋಷಣೆ ಮಾಡಿ ಪ್ರಸಿಡೆಂಟರು ಅದರಲ್ಲಿ ಸಾರನ್ನ ಉಣ್ಣುವ ದೃಶ್ಯ ಕಣ್ಣೆದುರು ಬಂತು. ಇಡೀ ವರ್ಷ ಬೋರ್ಡಿನ ಮೇಲೆ ವೃತ್ತ ಬರೆದು ಬರೆದು ಕೊನೆಗೆ ಮಕ್ಕಳ ಎದುರು ಆ ತಟ್ಟೆಗಳನ್ನು ಎಲ್ಲಿಗೆ ಬಿಸಾಡುವುದು? ತೋಡಿಗೇ? ಮಕ್ಕಳು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ನಾಳೆಯಿಂದ ನಾನು ಏನು ಹೇಳಿದರೂ ಅದು ಪರೀಕ್ಷೆಗೆ ಮಾತ್ರ ಎಂದುಕೊಳ್ಳುತ್ತಾರೆ. ನನಗೆ ನಿಜವಾಗಿ ದುಃಖವಾದದ್ದು ಅದಕ್ಕೆ.

ಗುರುವಾರ ಶಾಲೆ ಬಿಟ್ಟ ಮೇಲೆ ರಂಸೀನಾ, ಶ್ರವ್ಯ ಇಬ್ಬರನ್ನು ಕರೆದುಕೊಂಡು ಮನೆಮನೆಗೆ ಹೊರಟೆ. ಮೊದಲು ಲಕ್ಷ್ಮಿಯಕ್ಕನ ಮನೆ. ತಟ್ಟೆಗಳು ಅವರ ಚಾವಡಿಯ ಮೇಜಿನ ಮೇಲೆ, ಬಿಳೀ ಬಟ್ಟೆ ಹೊದ್ದು, ದೇವರ ಪ್ರಸಾದದಂತೆ ಕುಳಿತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು, "ಅಯ್ಯೋ ಟೀಚರ್, ಮರೆತದ್ದಲ್ಲ ಆಯ್ತಾ! ಹಲಸಿನಹಣ್ಣಿನ ಮುಳುಕ ಮಾಡಿ ಹಾಕಿ ಕೊಡುವ ಅಂತ ಉಂಟು. ಮರದಲ್ಲಿ ಈಗ ಬರೀ ಎಳೇ ಗುಜ್ಜೆ. ಏಪ್ರಿಲಿಗೆ ಹಣ್ಣಾಗ್ತದೆ" ಎಂದರು. ವಾರ್ಷಿಕೋತ್ಸವ ನಾಡಿದ್ದು ಎಂದೆ. "ಹೌದಾ?" ಎಂದು ಗಲ್ಲಕ್ಕೆ ಕೈಯಿಟ್ಟು ಮರದ ಕಡೆ ನೋಡಿದರು, ಅದನ್ನು ಸ್ವಲ್ಪ ಅವಸರಪಡಿಸಲು ಸಾಧ್ಯವೇ ಎಂಬಂತೆ.

"ಏನೂ ಹಾಕುವುದು ಬೇಡ ಲಕ್ಷ್ಮಿಯಕ್ಕ. ಖಾಲಿಯೇ ಕೊಡಿ. ಶಾಲೆಯ ಪಾತ್ರೆಯಲ್ವಾ?"

"ಶಾಲೆಯದ್ದು ಅಂತಲೇ ಟೀಚರ್! ಮಕ್ಕಳಿಗೆ ವಿದ್ಯೆ ಹತ್ತುವ ಜಾಗಕ್ಕೆ ಖಾಲಿ ಪಾತ್ರೆಯಾ? ಬೇರೆ ಯಾರ ಮನೆಯಾದರೂ ಆದೀತು. ಎಂತ ನೀವು ಹೀಗೆ ಹೇಳುವುದು!"

ಮುಂದಿನ ಮನೆಯಲ್ಲಿ ಯಜಮಾನರು ಮಾರ್ಚಿ ಕೊನೆಗೆ ಅಬುಧಾಬಿಯಿಂದ ಬರುವವರಿದ್ದರು, ಅವರು ತರುವ ಖರ್ಜೂರ ತಟ್ಟೆಗೆ ಬೀಳಬೇಕಿತ್ತು. ಅದರಾಚೆಯ ಮನೆಯಲ್ಲಿ ಹೊಸ ಬೆಲ್ಲ ಬರುವುದಿತ್ತು. ಉಳಿದ ಮನೆಗಳಲ್ಲೂ ಇಂಥದ್ದೇ ಒಂದೊಂದು ಕಾರಣ. ಯಾರೂ ಒಂದು ಲೋಟವನ್ನೂ ಕಳೆದಿರಲಿಲ್ಲ. ಎಲ್ಲ ಕಡೆ ಪಾತ್ರೆಗಳು ತೊಳೆದು, ಒರಸಿ, ಮರ್ಯಾದೆಯಿಂದ ಕಾಯುತ್ತಿದ್ದವು. ಖಾಲಿ ಕೊಡಿ ಎಂದು ಗೋಗರೆದದ್ದಕ್ಕೆ ಎಲ್ಲರೂ ನಕ್ಕು ನನಗೇ ಚಹಾ ಕೊಟ್ಟು ಕಳಿಸಿದರು. ಅಷ್ಟೂ ಮನೆಯ ಚಹಾ ಹೊಟ್ಟೆಯಲ್ಲಿ ತುಳುಕಿಸುತ್ತ, ಕೈಯಲ್ಲಿ ಒಂದು ತಟ್ಟೆಯೂ ಇಲ್ಲದೆ ಮನೆಗೆ ಬಂದೆ. ಬಟ್ಟೆಚೀಲ ಮಾತ್ರ ಹೆಗಲಿನಲ್ಲಿತ್ತು.

ಅತ್ತೆ ಅಡುಗೆಮನೆಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದರು. ಅವರೆದುರು ಕಥೆಯನ್ನೆಲ್ಲ ಹೇಳಿ, "ಇನ್ನು ನಸೀಮಾಳ ಮನೆ ಒಂದು ಬಾಕಿ ಉಂಟು. ಅವಳು ಡಿಸೆಂಬರಿನಲ್ಲಿ ಗಂಡ ಬಂದಾಗ ಒಯ್ದ ತಟ್ಟೆಗಳೇ ಹೆಚ್ಚು" ಎಂದೆ. ಅತ್ತೆ ತಲೆ ಎತ್ತದೆ, "ಹೋಗುವುದಾದರೆ ಅವಳ ಡಬ್ಬಿ ತೆಗೆದುಕೊಂಡು ಹೋಗು" ಎಂದರು. ಆಗ ಕಪಾಟಿನ ಕಡೆ ನೋಡಿದೆ. ಡಬ್ಬಿ ಅಲ್ಲೇ ಇತ್ತು, ತೊಳೆದು, ಒರಸಿ, ಕವುಚಿ. ಊರವರನ್ನೆಲ್ಲ ತಟ್ಟೆ ಕೇಳಿಕೊಂಡು ಬಂದವಳ ಕಪಾಟು!

"ಅತ್ತೆ, ಎಷ್ಟು ಹಾಕಿದರೆ ಪಾತ್ರೆ ಖಾಲಿ ಅಲ್ಲ ಅಂತ ಲೆಕ್ಕ?"

"ಅದಕ್ಕೆ ಎಂತ ಸೇರು ಪಾವು ಉಂಟಾ? ಏನೂ ಇಲ್ಲದ ದಿನ ನನ್ನ ಅತ್ತೆ ಒಂದು ಎಸಳು ಬೇವಿನ ಸೊಪ್ಪು ಹಾಕಿ ಕೊಡುತ್ತಿದ್ದರು. ಒಗ್ಗರಣೆಗೆ ಆಯಿತಲ್ಲ."

"ಮತ್ತೆ ನೀವು ಇದುವರೆಗೆ ಯಾಕೆ ಹೇಳಲಿಲ್ಲ?"

"ನೀನು ಕಡುಬು ಅಂದೆಯಲ್ಲ. ಟೀಚರಿಗೆ ನಾನು ಹೇಳುವುದಾ?"

ಹಿತ್ತಿಲಿಗೆ ಹೋಗಿ ಕರಿಬೇವಿನ ನಾಲ್ಕು ಎಸಳು ಕೊಯ್ದೆ. ಆ ದೊಡ್ಡ ಡಬ್ಬಿಯ ತಳದಲ್ಲಿ ಅವು ಸಿಕ್ಕಿಬಿದ್ದ ಮಿಡತೆಗಳ ಹಾಗೆ ಕಂಡವು. ಮುಚ್ಚಳ ಬಿಗಿದೆ. ಉನ್ನಕ್ಕಾಯಿಗೆ ಪ್ರತಿಯಾಗಿ ಸೊಪ್ಪು! ಬೇಲಿ ದಾಟುವಾಗ ನನ್ನ ಕಾಲು ನಿಜವಾಗಿಯೂ ಹಿಂದೆ ಎಳೆಯುತ್ತಿತ್ತು. ಪಾಠ ಮಾಡುವಾಗ ಮರ್ಯಾದೆ ಹೋಗುವುದು ನನಗೆ ಅಭ್ಯಾಸವಿದೆ. ಅಡುಗೆಯಲ್ಲಿ ಹೋಗುವುದು ಮಾತ್ರ ಸಹಿಸಲಾಗದು.

ನಸೀಮಾ ಡಬ್ಬಿಯನ್ನು ಕಂಡವಳೇ, "ಅಲ್ಲಾ, ಬಂತಾ ಇದು!" ಎಂದು ಎರಡೂ ಕೈಯಲ್ಲಿ ಕಸಿದುಕೊಂಡಳು. "ಟೀಚರ್, ಇದಕ್ಕೇ ಕಾದದ್ದು ನಾನು. ಶಾಲೆಯ ತಟ್ಟೆ ಕೊಡುವಾಗ ಟೀಚರ್‌ಮಾರಿಗೆಲ್ಲ ಉನ್ನಕ್ಕಾಯಿ ಮಾಡಿ ಕಳಿಸುವ ಅಂತ. ಅಷ್ಟು ಹಿಡಿಯುವ ಡಬ್ಬಿ ನನ್ನಲ್ಲಿ ಬೇರೆ ಇಲ್ಲ. ನಿಮ್ಮಲ್ಲಿ ಕೇಳ್ಲಿಕ್ಕೆ ಆಗ್ತದಾ? ಕೇಳಿದರೆ ಎಂತಾದ್ರೂ ಹಾಕಿ ಕೊಡಿ ಅಂತ ಹೇಳಿದ ಹಾಗೆ ಆಗ್ತದಲ್ಲ."

ನಾನು ಅವರ ಜಗಲಿಯ ಕುರ್ಚಿಯಲ್ಲಿ ಕೂತುಬಿಟ್ಟೆ. ನನ್ನ ಪಾತ್ರೆ ಬ್ಯಾಂಕಿನ ವೃತ್ತ ಎಲ್ಲಿ ಕಟ್ಟಿ ನಿಂತಿದೆ ಎಂದು ಊರೆಲ್ಲ ಹುಡುಕಿ ಬಂದಿದ್ದೆ. ಅದು ಕಟ್ಟಿ ನಿಂತದ್ದು ನನ್ನ ಕಪಾಟಿನಲ್ಲಿ, ಹಲಸಿನ ಕಡುಬಿನ ನಿರೀಕ್ಷೆಯಲ್ಲಿ. ಅಷ್ಟರಲ್ಲಿ ನಸೀಮಾ ಮುಚ್ಚಳ ತೆರೆದಳು. ಒಳಗೆ ನೋಡಿದಳು. ಡಬ್ಬಿಯನ್ನು ಸ್ವಲ್ಪ ಓರೆ ಮಾಡಿ, ಕೆಳಗೆ ಬೇರೇನಾದರೂ ಇದೆಯೇ ಎಂದು ಇನ್ನೊಮ್ಮೆ ನೋಡಿದಳು.

"ಬೇವಿನ ಸೊಪ್ಪು" ಎಂದೆ.

ಅವಳು ನಕ್ಕಳು ನೋಡಿ, ಬಾಗಿಲ ಚೌಕಟ್ಟು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಇಷ್ಟು ಸಾಕಾ ಟೀಚರ್? ಇಷ್ಟೇ ಸಾಕಾದರೆ ನಾನು ಯಾವಾಗಲೋ ಕೊಡ್ತಿದ್ದೆನಲ್ಲ ಮಾರಾಯ್ರೆ!" ನಗು ನಿಂತ ಮೇಲೆ ಫೋನು ತೆಗೆದುಕೊಂಡು, ನನ್ನೆದುರಿಗೇ, ಒಂಬತ್ತನೇ ಕ್ಲಾಸಿನ ತಾಯಂದಿರ ವಾಟ್ಸಾಪ್ ಗುಂಪಿಗೆ ಬ್ಯಾರಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಮಾತಾಡಿ ಹಾಕಿದಳು. ಸುಮಾ ಟೀಚರೇ ಉನ್ನಕ್ಕಾಯಿಯ ಡಬ್ಬಿಗೆ ಬೇವಿನ ಸೊಪ್ಪು ಹಾಕಿ ಕೊಟ್ಟಿದ್ದಾರೆ, ಹಾಗಾಗಿ ಇನ್ನು ಯಾರೂ ನಾಚಿಕೆ ಮಾಡುವುದು ಬೇಡ, ಶಾಲೆಯ ಪಾತ್ರೆಗೆ ಸೊಪ್ಪೇ ಸಾಕು, ಎಂಬುದು ಅದರ ತಾತ್ಪರ್ಯ. ತಡೆಯೋಣವೆಂದು ಕೈ ಎತ್ತಿದವಳು ಹಾಗೇ ಇಳಿಸಿದೆ. ತಟ್ಟೆ ಬೇಕಲ್ಲ! ನನ್ನ ಅಡುಗೆಯ ಮಾನ ಹೋದರೆ ಹೋಯಿತು, ಅದು ಇದ್ದದ್ದೇ ಸ್ವಲ್ಪ.

ಶುಕ್ರವಾರ ಬೆಳಿಗ್ಗೆ ಗೇಟಿನ ಬಳಿ ಸಾಲು. ಮಕ್ಕಳ ಕೈಯಲ್ಲಿ, ತಾಯಂದಿರ ತಲೆಯ ಮೇಲೆ, ಒಂದು ರಿಕ್ಷಾದ ಹಿಂದಿನ ಸೀಟಿನಲ್ಲಿ ತಟ್ಟೆಗಳು ಬಂದವು. ಪ್ರತಿ ಕಟ್ಟಿನ ಮೇಲೂ ಕರಿಬೇವು. ಲಕ್ಷ್ಮಿಯಕ್ಕ ಮನಸ್ಸು ಕೇಳದೆ ಒಂದು ಗುಜ್ಜೆಯನ್ನೇ ಇಟ್ಟು ಕಳಿಸಿದ್ದರು. ನಸೀಮಾ ತನ್ನ ಕಟ್ಟಿನ ಮೇಲೆ ನನ್ನದೇ ನಾಲ್ಕು ಎಸಳು ಇಟ್ಟಿದ್ದಳು. ಗುರುತು ಹೇಗೆ ಸಿಕ್ಕಿತೆಂದರೆ, ಅವು ಬಾಡಿದ್ದವು. ಎಚ್.ಎಂ. ಸ್ವತಃ ಎಣಿಸಿದರು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದರು. ಒಂದು ಲೋಟ ಹೆಚ್ಚೇ ಇತ್ತು. ಅದು ಯಾರದೆಂದು ಇವತ್ತಿಗೂ ಗೊತ್ತಿಲ್ಲ, ಅವರೂ ಪಾಪ, ಖಾಲಿ ಕೇಳುವುದು ಹೇಗೆಂದು ಸುಮ್ಮನಾಗಿರಬೇಕು. ಎಚ್.ಎಂ. ಬೀಗವನ್ನು ಮೇಜಿನ ಡ್ರಾವರಿಗೆ ಹಾಕಿ, "ಇರಲಿ ಟೀಚರ್, ನಡೆಯಲಿ" ಎಂದಷ್ಟೇ ಹೇಳಿ ಕಣ್ಣು ಬೇರೆ ಕಡೆ ತಿರುಗಿಸಿದರು.

ಶನಿವಾರದ ಊಟ ಚೆನ್ನಾಗಿಯೇ ಆಯಿತು. ಸಾರಿನಲ್ಲಿ ಕರಿಬೇವು, ಪಲ್ಯದಲ್ಲಿ ಕರಿಬೇವು, ಮಜ್ಜಿಗೆಯಲ್ಲಿ ಕರಿಬೇವು. ಪ್ರಸಿಡೆಂಟರು ತಟ್ಟೆಯ ಅಂಚಿನಲ್ಲಿ ಎಲೆಗಳನ್ನು ಹೆಕ್ಕಿ ಹೆಕ್ಕಿ ಇಟ್ಟು, ಅಷ್ಟು ಹಸಿರಾದ ಶಾಲೆಯನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಭಾಷಣದಲ್ಲಿ ಹೇಳಿದರು. ಉಳಿದ ಎಲೆಗಳು ಗೊಬ್ಬರದ ಗುಂಡಿಗೆ ಹೋದವು. ಹೋಳಿಗೆಯ ಯುಗ ಮುಗಿಯಿತೆಂದು ವಿಜಯನ್ ಮಾಷ್ ಒಬ್ಬರೇ ಮಂಕಾಗಿ ಕೂತಿದ್ದರು.

ಆದಿತ್ಯವಾರ ಸಂಜೆ ರಂಸೀನಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಅದೇ ಡಬ್ಬಿ, ಒಳಗೆ ಬಿಸಿಬಿಸಿ ಉನ್ನಕ್ಕಾಯಿ. "ಟೀಚರ್‌ಗೆ ಬೇಜಾರಾಗಿದೆಯೋ ಅಂತ ಉಮ್ಮ ಕಳಿಸಿದ್ದು." ಬೇಜಾರೆಲ್ಲ ಮೂರನೆಯ ಉನ್ನಕ್ಕಾಯಿಗೆ ಇಳಿಯಿತು. ಡಬ್ಬಿ ಖಾಲಿಯಾದ ಮೇಲೆ ನಾನು ಉತ್ಸಾಹದಿಂದ ಹಿತ್ತಿಲ ಬಾಗಿಲು ತೆರೆದೆ. ಅತ್ತೆ ಕೂತಲ್ಲಿಂದಲೇ, "ಎಂತಕ್ಕೆ? ಒಮ್ಮೆ ಸೊಪ್ಪು ಕೊಟ್ಟರೆ ಇಲ್ಲದ್ದಕ್ಕೆ ಕೊಟ್ಟದ್ದು. ಎರಡನೇ ಸಲವೂ ಕೊಟ್ಟರೆ ಅದು ಜಿಪುಣತನ" ಎಂದರು. ಬಾಗಿಲು ಹಾಕಿದೆ. ಡಬ್ಬಿಯನ್ನು ತೊಳೆದು, ಒರಸಿ, ಕಪಾಟಿನಲ್ಲಿ ಕವುಚಿಟ್ಟೆ.

ಸೋಮವಾರ ಒಂಬತ್ತನೇ ಕ್ಲಾಸಿನಲ್ಲಿ, ಮಕ್ಕಳು ಮಾಡಿದ್ದು ಎಷ್ಟು ದೊಡ್ಡ ಕೆಲಸವೆಂದು ಹೇಳುತ್ತ, ಬೋರ್ಡಿನ ಮೇಲೆ ಮತ್ತೆ ವೃತ್ತ ಬರೆದೆ. ಎಂದಿನಂತೆ ಕೊನೆಯಲ್ಲಿ ನಾಲ್ಕು ಬೆರಳು ಜಾಗ ಬಿಟ್ಟುಹೋಯಿತು. "ಟೀಚರ್, ವೃತ್ತ ಸೇರ್ಲಿಲ್ಲ" ಎಂದಳು ಶ್ರವ್ಯ. ಪಕ್ಕದಲ್ಲಿ ರಂಸೀನಾ ನನ್ನನ್ನೇ ನೋಡುತ್ತಿದ್ದಳು. ಅವಳ ಮನೆಯಲ್ಲಿ ಆ ಹೊತ್ತಿಗೆ ದೊಡ್ಡ ಡಬ್ಬಿ ಇಲ್ಲವೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

"ಹಲಸು ಹಣ್ಣಾಗಲಿ ಮಗೂ, ಸೇರಿಸುವ" ಎಂದು ಸೀಮೆಸುಣ್ಣ ಕೆಳಗಿಟ್ಟೆ.